ಪಾಯಸಕ್ಕೆ ನಾಲಿಗೆ ಒಗ್ಗಿಸಲು ಹೊರಟ ಜವರಮ್ಮ

ಒಂದೂರಿನಲ್ಲಿ ಬೋರಯ್ಯ ಅಂತ ಒಬ್ಬನಿದ್ದ. ಕತ್ತಾಳೆ ನಾರಿನ ಹಗ್ಗ ಹೊಸೆದು ಮಾರುವುದು ಅವನ ಕಸುಬು. ಮನೆಯಲ್ಲಿ ತಾಯಿ ಜವರಮ್ಮ, ಹೆಂಡತಿ ಸಾಕಮ್ಮ, ಹಿತ್ತಿಲಲ್ಲಿ ನಾಲ್ಕಾರು ಕೋಳಿ. ಸೋಮವಾರ, ಶನಿವಾರ ವಾರ ಹಿಡಿಯುವ ಮನೆ ಅದು. ಆ ಎರಡು ದಿನ ಮಾಂಸ ಮುಟ್ಟುತ್ತಿರಲಿಲ್ಲ, ಮಿಕ್ಕ ದಿನ ಸಿಕ್ಕರೆ ಬಿಡುತ್ತಿರಲಿಲ್ಲ. ಸಿಗುತ್ತಿದ್ದದ್ದೇ ಅಪರೂಪ, ಅದು ಬೇರೆ ಮಾತು.

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಊರಲ್ಲೆಲ್ಲ ಮಸಾಲೆ ಅರೆಯುವ ಸದ್ದು. ಬೋರಯ್ಯನೂ ಒಂದು ಕೈಯಲ್ಲಿ ಕತ್ತಿ ಹಿಡಿದು ಹಿತ್ತಿಲಿಗೆ ಹೋದ. ಅಲ್ಲೊಂದು ಕೆಂಪು ಕೋಳಿ. ಅದು ಹೆದರಿ ಓಡಬೇಕಿತ್ತು ತಾನೆ? ಓಡಲಿಲ್ಲ. ದಿನಾ ಬೆಳಿಗ್ಗೆ ರಾಗಿ ಎರಚುವ ಕೈ ಅವನದೇ ಅಲ್ಲವೇ. ಇವತ್ತೂ ಕಾಳು ತಂದಿದ್ದಾನೆ ಅಂದುಕೊಂಡು ಕುಪ್ಪಳಿಸುತ್ತ ಅವನ ಹತ್ತಿರವೇ ಬಂತು. ಚಾಚಿದ್ದ ಅಂಗೈಯನ್ನು ಕುಕ್ಕಿ ಕುಕ್ಕಿ ನೋಡಿತು. ಬೋರಯ್ಯನಿಗೆ ಕೈ ಏಳಲಿಲ್ಲ. ಕತ್ತಿಯನ್ನು ಸೂರಿಗೆ ಸಿಕ್ಕಿಸಿ, ಒಳಗೆ ಬಂದು, ಗೋಡೆಗೆ ಒರಗಿ ಕೂತುಬಿಟ್ಟ. ಆವತ್ತು ಊರಿಗೆಲ್ಲ ಬಾಡೂಟ, ಅವನ ಮನೆಯಲ್ಲಿ ಹುರುಳಿಕಾಳಿನ ಸಾರು.

ಊರಾಚೆ ಗುಡ್ಡದ ಮೇಲೆ ಒಂದು ಸಣ್ಣ ಮಠ. ಅಲ್ಲಿ ವಯಸ್ಸಾದ ಸ್ವಾಮಿಗಳೊಬ್ಬರಿದ್ದರು. ಊರವರೆಲ್ಲ ಅವರನ್ನು ಬುದ್ಧಿ ಅಂತಲೇ ಕರೆಯುವುದು. ಬೋರಯ್ಯ ಅವರ ಮುಂದೆ ಕೈಕಟ್ಟಿ ಕೂತು, ಮಾಂಸ ಬಿಡಲೋ ಬೇಡವೋ ಎಂದು ಕೇಳಿದ. ಬಿಡು ಅಂತ ಯಾರಾದರೂ ಹೇಳಿದರೇನು ಎಂದು ಸ್ವಾಮಿಗಳು ವಿಚಾರಿಸಿದರು. ಯಾರೂ ಹೇಳಲಿಲ್ಲ, ಕೈ ಏಳಲಿಲ್ಲ ಅಷ್ಟೇ, ಎಂದ ಬೋರಯ್ಯ.

"ಹಾಗಾದ್ರೆ ಬಿಡು," ಎಂದರು ಸ್ವಾಮಿಗಳು. "ನನ್ನ ಹೆಸರು ಹೇಳಿಕೊಂಡು ಬಿಡಬೇಡ, ದೇವರ ಹೆಸರೂ ಬೇಡ. ನಿನ್ನ ಮನಸ್ಸಿಗೆ ಬಂತು, ಬಿಟ್ಟೆ. ಅಷ್ಟೇ ಇರಲಿ."

ಬೋರಯ್ಯ ಬಿಟ್ಟ. ಸಾಕಮ್ಮ ಬೇಡ ಅನ್ನಲಿಲ್ಲ. ಜವರಮ್ಮನಂತೂ, ನನ್ನ ಮಗನ ಮನಸ್ಸು ಮೆತ್ತಗೆ ಎಂದು ನೆರೆಹೊರೆಯಲ್ಲಿ ಹೇಳಿಕೊಂಡು ಸಂತೋಷಪಟ್ಟಳು. ಇಲ್ಲಿಗೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಒಂದು ಒಳ್ಳೆಯ ಕೆಲಸ ಮಾಡಿದ ಮನುಷ್ಯ ಸುಮ್ಮನೆ ಇರುತ್ತಾನೆಯೇ? ಮೈಯೆಲ್ಲ ನವೆ ಹತ್ತಿದ ಹಾಗೆ, ಇನ್ನೊಬ್ಬರಿಗೆ ತೋರಿಸುವ ತನಕ ಅವನಿಗೆ ನಿದ್ದೆ ಬರುವುದಿಲ್ಲ.

ಅದುವರೆಗೂ ಅವನನ್ನು ಬೋರ ಎನ್ನುತ್ತಿದ್ದವರು ಬೋರಯ್ಯನೋರು ಅನ್ನತೊಡಗಿದರು. ಅರಳಿಕಟ್ಟೆಯಲ್ಲಿ ಕೂರಲು ಜಾಗ ಬಿಟ್ಟರು. ಅದು ತಲೆಗೆ ಏರಿತು ನೋಡಿ. ಮೊದಲು ಮಾಂಸದ ಸಾರಿನ ಮಡಕೆ ಬೇರೆ ಇರಲಿ ಎಂದ. ಆಮೇಲೆ ಒಲೆ ಹಿತ್ತಿಲಿಗೆ ಹೋಗಲಿ ಎಂದ. ಕೊನೆಗೆ, ಈ ಮನೆಯೊಳಗೆ ಆ ವಾಸನೆಯೇ ಬೇಡ ಎಂದು ಮಡಕೆಯನ್ನು ಅಟ್ಟಕ್ಕೆ ಹಾಕಿಸಿದ. ಭಾನುವಾರ ಬೀದಿಯಲ್ಲಿ ನಡೆಯುವಾಗ ಹೆಗಲ ಮೇಲಿನ ಟವಲು ತೆಗೆದು ಮೂಗಿಗೆ ಅಡ್ಡ ಹಿಡಿದುಕೊಂಡು ಹೋಗುತ್ತಿದ್ದ. ವರ್ಷದ ಹಿಂದೆ ಅದೇ ಮೂಗು ಯಾರ ಮನೆಯಲ್ಲಿ ಏನು ಬೇಯುತ್ತಿದೆ ಅಂತ ಬೀದಿಯ ಆ ತುದಿಯಿಂದಲೇ ಹೇಳುತ್ತಿತ್ತು.

ಜವರಮ್ಮ ತನ್ನ ದಾರಿ ತಾನು ನೋಡಿಕೊಂಡಳು. ತಿನ್ನಬೇಕು ಅನ್ನಿಸಿದಾಗ ಅದೇ ಬೀದಿಯ ಕೊನೆಯಲ್ಲಿದ್ದ ಮಗಳ ಮನೆಗೆ ಹೋಗಿ, ಉಂಡು, ಬಾಯಿ ತೊಳೆದು, ಎಲೆಅಡಿಕೆ ಹಾಕಿಕೊಂಡು ಬರುತ್ತಿದ್ದಳು. ಮಗನಿಗೂ ಸಮಾಧಾನ, ಅವಳಿಗೂ ಸಮಾಧಾನ.

ಮಹಾಲಯ ಅಮಾವಾಸ್ಯೆ ಬಂತು. ಆ ಸೀಮೆಯಲ್ಲಿ ಅದು ಹಿರಿಯರ ಹಬ್ಬ. ಸತ್ತವರು ಬದುಕಿದ್ದಾಗ ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನೇ ಅಡಿಗೆ ಮಾಡಿ, ಬಾಳೆ ಎಲೆಗೆ ಬಡಿಸಿ, ಎಡೆ ಇಟ್ಟು, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಬಂದು ಕೂರುತ್ತಾರೆ. ಹಿರಿಯರು ಬಂದು ನೆಮ್ಮದಿಯಾಗಿ ಉಂಡು ಹೋಗಲಿ ಅಂತ. ಬೋರಯ್ಯನ ಅಪ್ಪ ಮಾದಯ್ಯನಿಗೆ ಒಣಮೀನಿನ ಸಾರು ಅಂದರೆ ಪ್ರಾಣ. ಅವನು ಹೋದಾಗಿನಿಂದ ವರ್ಷ ವರ್ಷವೂ ಅವನ ಎಡೆಗೆ ಅದೇ. ಈ ವರ್ಷ ಬೋರಯ್ಯ ಒಪ್ಪಲಿಲ್ಲ. ಪಾಯಸ, ವಡೆ, ಕೋಸಂಬರಿ ಮಾಡಿಸಿ ಎಡೆ ಇಟ್ಟ. ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದರು. ಜವರಮ್ಮ ಬಾಗಿಲಿಗೆ ಬೆನ್ನು ಮಾಡಿ ಕೂತಳು. ಒಳಗೆ ಗಂಡ ಎಲೆಯ ಮುಂದೆ ಕೂತು ಒಣಮೀನಿಗೆ ತಡಕಾಡುತ್ತಿರುವ ಹಾಗೆಯೇ ಅವಳಿಗೆ ಕಾಣುತ್ತಿತ್ತು. ತಿರುಗಿ ನೋಡಲು ಮನಸ್ಸು ಬರಲಿಲ್ಲ.

ಆವತ್ತಿನಿಂದ ಅವಳಿಗೆ ಒಂದೇ ಚಿಂತೆ. ನಾಳೆ ನಾನೂ ಹೋಗುವವಳೇ. ಎಡೆ ಇಡುವುದು ಮಗನ ಮನೆಯಲ್ಲಿ, ಮಗಳ ಮನೆಗೆ ಹೋಗಿ ಕೂರಲು ಬರುವುದಿಲ್ಲ. ಸತ್ತ ಮೇಲೆ ವರ್ಷಕ್ಕೊಂದು ಊಟ, ಅದೂ ಪಾಯಸ. ಅವಳಿಗೋ ಸಿಹಿ ಅಂದರೆ ಆಗದು. ಮದುವೆ ಮನೆಯಲ್ಲಿ ಪಾಯಸದವನು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುವವಳು ಅವಳು. ಚಿಕ್ಕವಳಿದ್ದಾಗ ಬರಗಾಲದಲ್ಲಿ ಹುಣಸೆಬೀಜ ಹುರಿದು ತಿಂದು ಜೀವ ಹಿಡಿದಿದ್ದಳು. ಹಸಿವು ಅಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಗನ ಮನೆ ಬಾಗಿಲಿಗೆ ಬಂದು ಹಸಿದುಕೊಂಡೇ ವಾಪಸ್ಸು ಹೋಗಬೇಕಲ್ಲಾ ಎಂದು ನೆನೆದರೆ ಎದೆ ಧಸಕ್ಕೆನ್ನುತ್ತಿತ್ತು.

ಮಗನಿಗೆ ಒಂದು ಮಾತು ಹೇಳಬಹುದಿತ್ತಲ್ಲ ಅಂತೀರಿ. ಹೇಗೆ ಹೇಳುತ್ತಾಳೆ? ಸಾವಿನ ಮಾತೆತ್ತಿದರೆ ಅವನು ನೊಂದುಕೊಳ್ಳುತ್ತಾನೆ. ಅದರ ಮೇಲೆ ಮಗನ ವ್ರತ ಕೆಡಿಸಿದಳು ಅನ್ನುವ ಮಾತು ಬೇರೆ. ಅದಕ್ಕೇ ಆ ಮುದುಕಿ ತನ್ನಷ್ಟಕ್ಕೆ ಒಂದು ಉಪಾಯ ಮಾಡಿದಳು. ಈಗಿನಿಂದಲೇ ಪಾಯಸಕ್ಕೆ ನಾಲಿಗೆ ಒಗ್ಗಿಸಿಕೊಂಡುಬಿಟ್ಟರೆ ಆಮೇಲೆ ತೊಂದರೆಯೇ ಇಲ್ಲ, ಅಲ್ಲವೇ?

ನಾನೂ ಮಾಂಸ ಬಿಟ್ಟೆ ಎಂದು ಮನೆಯಲ್ಲಿ ಹೇಳಿದಳು. ಮಗಳ ಮನೆಗೆ ಹೋಗುವುದನ್ನು ನಿಲ್ಲಿಸಿದಳು. ಮಗಳು ಬಟ್ಟಲಲ್ಲಿ ಸಾರು ಮುಚ್ಚಿಟ್ಟುಕೊಂಡು ಬಂದರೆ ಹಾಗೆಯೇ ವಾಪಸ್ಸು ಕಳಿಸಿದಳು. ಸಾಕಮ್ಮನ ಹತ್ತಿರ ಬೆಲ್ಲದ ಪಾಯಸ ಮಾಡಿಸಿಕೊಂಡು, ಕಣ್ಣು ಮುಚ್ಚಿ, ಕಷಾಯ ಕುಡಿಯುವ ಹಾಗೆ ಗುಟುಕು ಗುಟುಕಾಗಿ ನುಂಗತೊಡಗಿದಳು. ನುಂಗಿದ ಮೇಲೆ ಒಂದು ಹಸಿಮೆಣಸಿನಕಾಯಿ ಕಡಿಯುತ್ತಿದ್ದಳು. ಅದನ್ನು ಸಾಕಮ್ಮ ನೋಡಿದಳು. ಯಾಕತ್ತೆ ಹೀಗೆ ಮಾಡುತ್ತೀರಿ ಎಂದು ಕೇಳಿದರೆ, ಏನಿಲ್ಲ ಸುಮ್ನಿರು ಎಂಬ ಉತ್ತರ. ದಿನ ಕಳೆದಂತೆ ಮುದುಕಿಯ ಕೆನ್ನೆ ಒಳಕ್ಕೆ ಹೋಯಿತು, ಕೈಬಳೆ ಮೊಣಕೈಗೆ ಜಾರತೊಡಗಿತು.

ಬೋರಯ್ಯನಿಗೆ ಬಳೆ ಕಾಣಲಿಲ್ಲ. ಅವನಿಗೆ ಕಂಡದ್ದು ತನ್ನ ಹಿರಿಮೆ. ಹಣ್ಣು ಮುದುಕಿಯಾದ ತಾಯಿ ಕೂಡ ತನ್ನನ್ನು ನೋಡಿ ಬದಲಾದಳು ಎಂದು ಅರಳಿಕಟ್ಟೆಯಲ್ಲಿ ಎದೆಯುಬ್ಬಿಸಿ ಹೇಳಿಕೊಂಡ. ಅಷ್ಟಕ್ಕೇ ಬಿಡದೆ, ಸ್ವಾಮಿಗಳ ಮುಂದೆಯೇ ಅವ್ವನಿಗೆ ವ್ರತ ಕೊಡಿಸೋಣ ಎಂದು ಅವಳನ್ನು ಕೈಹಿಡಿದು ಗುಡ್ಡ ಹತ್ತಿಸಿದ.

ಸ್ವಾಮಿಗಳು ಜವರಮ್ಮನನ್ನು ನೋಡಿದರು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದಳು. ಮೊದಲು ನೀರು ಕೊಡಿಸಿದರು. ಆಮೇಲೆ ಯಾಕವ್ವ ಬಿಟ್ಟೆ ಎಂದು ಕೇಳಿದರು. ಅವಳು ಮಗನ ಮುಖ ನೋಡಿ, ಮನಸ್ಸಾಯ್ತು ಎಂದಳು. ಸ್ವಾಮಿಗಳು ಒಪ್ಪಲಿಲ್ಲ. ಮನಸ್ಸಾಗಿ ಬಿಟ್ಟವರ ಮುಖ ಹೀಗಿರುವುದಿಲ್ಲ, ನನಗೆ ಸುಳ್ಳು ಹೇಳಬೇಡ ಎಂದರು. ಜವರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. ಕೊನೆಗೆ ಬಾಯಿ ಬಿಟ್ಟಳು.

"ಅಭ್ಯಾಸ ಮಾಡ್ಕತಾ ಇವ್ನಿ ಬುದ್ದಿ. ನಾ ಸತ್ತ ಮ್ಯಾಕೆ ನನ್ ಎಡೆಗೂ ಪಾಯಸನೇ ತಾನೆ ಮಡಗೋದು. ಈಗ್ಲೇ ನಾಲ್ಗೆ ಒಗ್ಗುಸ್ಕಂಡ್ರೆ, ಆಗ ಹಸ್ಕೊಂಡು ವಾಪಸ್ ಹೋಗೋದು ತಪ್ಪುತ್ತೆ ಅಂತ."

ಬೋರಯ್ಯನಿಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ತಾಯಿಯ ಕಡೆ ತಿರುಗಿದ. ಒಳಕ್ಕೆ ಹೋದ ಕೆನ್ನೆ, ಮೊಣಕೈಗೆ ಜಾರಿದ ಬಳೆ, ಎಲ್ಲವೂ ಈಗ ಕಂಡಿತು. ಅಪ್ಪನ ಎಡೆಯ ದಿನ ಅವ್ವ ಬಾಗಿಲಿಗೆ ಬೆನ್ನು ಮಾಡಿ ಕೂತದ್ದೂ ನೆನಪಾಯಿತು. ಸ್ವಾಮಿಗಳ ಕಾಲ ಹತ್ತಿರ ಕುಸಿದು ಕೂತು ಮಕ್ಕಳ ಹಾಗೆ ಅತ್ತ. ನಾನು ವ್ರತ ಮುರಿಯುತ್ತೇನೆ, ಇವತ್ತೇ ಆ ಕೋಳಿಯನ್ನು ಕೊಯ್ದು ಅವ್ವನಿಗೆ ಹಾಕಿ ನಾನೂ ತಿನ್ನುತ್ತೇನೆ ಎಂದ.

ಸ್ವಾಮಿಗಳಿಗೆ ಈಗ ನಿಜವಾಗಿ ಸಿಟ್ಟು ಬಂತು.

"ನಿನಗೆ ತಿನ್ನು ಅಂದೋರು ಯಾರಪ್ಪಾ? ನಿನ್ನ ಕೈಯನ್ನ ತಡೆದದ್ದು ಆ ಕೋಳಿ. ಅದು ನಿಜವಾದದ್ದು, ಅದನ್ನ ಉಳಿಸ್ಕೋ. ಆದ್ರೆ ನಿಮ್ಮವ್ವನ ಕೈಯನ್ನ ತಡೆದದ್ದು ಯಾರು? ನೀನು. ಅದನ್ನ ಬಿಡು. ನೀನು ತಿನ್ನಬೇಡ, ಅವಳಿಗೆ ಬಡಿಸು. ಎರಡೂ ಒಂದೇ ಮನೇಲಿ ನಡೆಯುತ್ತೆ."

ಬಡಿಸಿದರೆ ವ್ರತ ಕೆಡುವುದಿಲ್ಲವೇ ಎಂದು ಬೋರಯ್ಯ ಕೇಳಿದ. ತಾಯಿಯ ತಟ್ಟೆಗೆ ಬಡಿಸಿದ ಮಾತ್ರಕ್ಕೆ ಕೆಡುವಂಥ ವ್ರತವಾಗಿದ್ದರೆ ಅದು ಆಗಲೇ ಕೆಟ್ಟಾಗಿದೆ ಎಂದು ತಿಳಿ ಎಂದರು ಸ್ವಾಮಿಗಳು. ತಾವು ಹುಟ್ಟಿದಾಗಿನಿಂದ ಮಾಂಸ ತಿಂದವರಲ್ಲ, ಆದರೂ ಗುಡ್ಡ ಹತ್ತಿ ಬಂದವರನ್ನು ಏನು ಉಂಡು ಬಂದಿರಿ ಎಂದು ಒಂದು ದಿನವೂ ಕೇಳಿದ್ದಿಲ್ಲ ಎಂದೂ ಹೇಳಿದರು.

ಜವರಮ್ಮನಿಗೆ ಇನ್ನೂ ನಂಬಿಕೆ ಬರಲಿಲ್ಲ. "ಹಂಗಾರೆ ನಾ ತಿನ್ಬೋದಾ ಬುದ್ದಿ?" ಎಂದು ಮೆಲ್ಲಗೆ ಕೇಳಿದಳು.

"ತಿನ್ನವ್ವ."

"ಆ ಪಾಯಸ?"

"ಅದನ್ನ ಇಲ್ಲಿಗೆ ಕಳಿಸಿಬಿಡು," ಎಂದು ಸ್ವಾಮಿಗಳು ನಕ್ಕರು. ಅವರಿಗೆ ಪಾಯಸ ಅಂದರೆ ಬಲು ಇಷ್ಟ.

ಇಳಿಯುವಾಗ ಜವರಮ್ಮ ಮಗನ ಕೈ ಹಿಡಿಯಲೇ ಇಲ್ಲ, ಹುಡುಗಿಯ ಹಾಗೆ ದಡದಡ ಇಳಿದಳು. ಕೋಳಿ ಗೀಳಿ ಏನೂ ಬೇಡಪ್ಪ, ಅದರ ಪಾಡಿಗೆ ಅದು ಇರಲಿ, ನನಗೆ ಒಂದು ತುಂಡು ಒಣಮೀನು ಸಾಕು ಎಂದಳು. ದಾರಿಯಲ್ಲೇ ಸಂತೆ. ಸಾಕಮ್ಮನನ್ನು ಕಳಿಸುತ್ತೇನೆ ಎನ್ನಬಹುದಿತ್ತು, ಬೋರಯ್ಯ ಅನ್ನಲಿಲ್ಲ. ತಾನೇ ಹೋಗಿ ಒಣಮೀನು ಕೊಂಡ. ಕಟ್ಟಿಕೊಳ್ಳಲು ಬೇರೇನೂ ಇರಲಿಲ್ಲ. ಮೂಗಿಗೆ ಅಡ್ಡ ಹಿಡಿಯುತ್ತಿದ್ದ ಅದೇ ಟವಲಿನಲ್ಲಿ ಗಂಟು ಹಾಕಿ ಹೆಗಲ ಮೇಲೆ ಹಾಕಿಕೊಂಡು ಬೀದಿಯ ನಡುವೆಯೇ ಬಂದ. ಅರಳಿಕಟ್ಟೆಯವರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ ಬಿಡಿ.

ಸಾಕಮ್ಮ ಅಟ್ಟದಿಂದ ಮಡಕೆ ಇಳಿಸಿ, ಜೇಡರಬಲೆ ಒರೆಸಿ, ತಿಕ್ಕಿ ತೊಳೆದಳು. ಹಿತ್ತಿಲ ಒಲೆಯ ಮೇಲೆ ಸಾರು ಕುದಿಯಿತು. ಹಿತ್ತಿಲ ಜಗಲಿಯಲ್ಲೇ ತಟ್ಟೆ ಹಾಕಿದರು. ಬೋರಯ್ಯ ಸೌಟು ಹಿಡಿದು ತನ್ನ ಕೈಯಾರೆ ತಾಯಿಗೆ ಬಡಿಸಿದ. ವಾಸನೆಗೆ ಮುಖ ಸ್ವಲ್ಪ ಆ ಕಡೆ ತಿರುಗಿತು, ಸೌಟು ಮಾತ್ರ ತಟ್ಟೆಯ ಮೇಲೇ ಇತ್ತು. ಆಮೇಲೆ ತನ್ನ ತಟ್ಟೆಗೆ ಮುದ್ದೆ, ಸೊಪ್ಪಿನ ಸಾರು ಹಾಕಿಸಿಕೊಂಡು ಪಕ್ಕದಲ್ಲೇ ಕೂತ. ಗಾಳಿ ಅವನ ಕಡೆಗೆ ಬೀಸುತ್ತಿತ್ತು. ಜವರಮ್ಮ ತಟ್ಟೆ ಎತ್ತಿಕೊಂಡು ಅವನ ಆ ಬದಿಗೆ ಬಂದು ಕೂತಳು, ವಾಸನೆ ಅವನಿಗೆ ತಾಕದ ಹಾಗೆ. ಮೊದಲ ತುತ್ತು ಬಾಯಿಗೆ ಹೋದಾಗ ಅವಳ ಕಣ್ಣಲ್ಲಿ ನೀರು ಬಂತು. ಖಾರ ಹೆಚ್ಚಾಯಿತೇ ಎಂದು ಸಾಕಮ್ಮ ಕೇಳಿದಳು. ಇಲ್ಲ ಕಣೆ, ಸರಿಯಾಗೈತೆ ಎಂದಳು.

ಅಷ್ಟರಲ್ಲಿ ಕೆಂಪು ಕೋಳಿ ಬಂತು. ಬೋರಯ್ಯನಿಗೆ ಮಾಂಸ ಬಿಡಿಸಿದ ಅದೇ ಕೋಳಿ. ಅವನ ತಟ್ಟೆಯ ಹತ್ತಿರ ಬಂದು ಸೊಪ್ಪಿನ ಸಾರನ್ನು ಒಂದು ಕಣ್ಣಿಂದ ನೋಡಿತು. ಹಿಡಿಸಲಿಲ್ಲ. ನೇರವಾಗಿ ಜವರಮ್ಮನ ತಟ್ಟೆಗೆ ಹೋಗಿ, ಅಂಚಿನಲ್ಲಿದ್ದ ಮೀನಿನ ಚೂರೊಂದನ್ನು ಕುಕ್ಕಿ ಎತ್ತಿಕೊಂಡು ಬೇಲಿಯ ಕಡೆ ಓಡಿಬಿಟ್ಟಿತು.

"ಇವಳಿಗೋಸ್ಕರ ಬಿಟ್ಯಲ್ಲಪ್ಪ ನೀನು, ನೋಡು ಇವಳನ್ನ," ಎಂದಳು ಜವರಮ್ಮ.

ಬೋರಯ್ಯ ನಕ್ಕ. ಮಾಂಸ ಬಿಟ್ಟ ದಿನದಿಂದ ಅವನು ಅಷ್ಟು ನಕ್ಕಿರಲಿಲ್ಲ. ಸಾಕಮ್ಮನೂ ನಕ್ಕಳು, ಜವರಮ್ಮನಿಗಂತೂ ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿಯಬೇಕಾಯಿತು. ಇಷ್ಟು ದಿನ ಹೊತ್ತುಕೊಂಡಿದ್ದ ದೊಡ್ಡ ಮೂಟೆಯೊಂದನ್ನು ಯಾರೋ ಇಳಿಸಿಕೊಂಡ ಹಾಗೆ ಬೋರಯ್ಯನ ಎದೆ ಹಗುರಾಯಿತು. ತಾನು ಬಿಟ್ಟದ್ದು ಮಾಂಸವನ್ನು ಮಾತ್ರ, ಮನೆಯವರನ್ನಲ್ಲ ಎಂದು ಅವನಿಗೆ ಆಗ ತಿಳಿಯಿತು.

ಮುಂದಿನ ವರ್ಷ ಹಿರಿಯರ ಹಬ್ಬಕ್ಕೆ ಮಾದಯ್ಯನ ಎಲೆಯಲ್ಲಿ ಒಣಮೀನಿನ ಸಾರೂ ಇತ್ತು, ಬೋರಯ್ಯನ ಸಮಾಧಾನಕ್ಕೆ ಒಂದು ಮೂಲೆಯಲ್ಲಿ ಪಾಯಸವೂ ಇತ್ತು. ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದರು. ಈ ಸಲ ಜವರಮ್ಮ ಬಾಗಿಲಿಗೆ ಮುಖ ಮಾಡಿ ಕೂತಳು. ಇನ್ನು ಯಾವಾಗ ಕರೆ ಬಂದರೂ ಹೆದರಿಕೆಯಿಲ್ಲ, ಹೊರಡುತ್ತೇನೆ ಎಂದಳು. ಹೇಳಿದ್ದೇ ಬಂತು, ಹೊರಡಲಿಲ್ಲ. ಕೈಬಳೆ ಮತ್ತೆ ಬಿಗಿಯಾಗಿ, ಇನ್ನೂ ಎಷ್ಟೋ ಹಬ್ಬಗಳನ್ನು ಅದೇ ಜಗಲಿಯಲ್ಲಿ ಕೂತು ಕಳೆದಳು.

ನೀತಿ: ಮಾಂಸ ತಿನ್ನಬೇಕೋ ಬಿಡಬೇಕೋ ಎಂಬುದನ್ನು ಅವರವರ ಮನಸ್ಸನ್ನು ಕೇಳಿ ಅವರವರೇ ತೀರ್ಮಾನಿಸಬೇಕು. ಬಿಡುವುದಾದರೆ ನಮ್ಮ ತಟ್ಟೆಯಿಂದ ಬಿಡೋಣ, ಪಕ್ಕದವರ ತಟ್ಟೆ ಎಳೆದು ಅದನ್ನು ಧರ್ಮ ಅನ್ನುವುದು ಬೇಡ. ಇನ್ನು ಈ ಕಥೆ ಮಾಂಸದ ಪರವೋ ಸೊಪ್ಪಿನ ಪರವೋ ಎಂದು ಜಗಳಕ್ಕೆ ಕೂರುವ ಮೊದಲು ಎದ್ದು ಒಳಗೆ ಹೋಗಿ, ನಿಮ್ಮ ಮನೆಯ ಹಿರಿಯರಿಗೆ ಇವತ್ತು ಏನು ತಿನ್ನಬೇಕು ಅನ್ನಿಸಿದೆ ಎಂದು ಕೇಳಿ. ಎಡೆ ಇಡುವ ತನಕ ಕಾಯಬೇಡಿ.