ಮೂರು ರೊಟ್ಟಿಯ ಸಾಕ್ಷಿ

“ಅಯ್ಯನವರೇ, ಊಟದ ಆಸೆಯನ್ನು ವಿಶ್ವಾಸದಿಂದ ಗೆಲ್ಲಬಹುದೇ?” ಎಂದು ಶಿಷ್ಯ ಕೇಳಿದ.

ಅವನ ಹೆಸರು ಜಯವಂತ. ಸಭೆಯ ಉಪದೇಶಿಯಾಗಲು ವೃದ್ಧ ಪಾದ್ರಿಯೊಬ್ಬರ ಬಳಿ ಓದುತ್ತಿದ್ದ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಶುರುವಾದಂದಿನಿಂದ, ಹೆಂಡತಿ ಬಡಿಸುವ ಊಟವನ್ನು ಅರ್ಧಕ್ಕೆ ಇಳಿಸಿದ್ದ. ಮೊದಲು ಕಷ್ಟವಾಯಿತಂತೆ, ಈಗ ಅರ್ಧಕ್ಕೇ ಹೊಟ್ಟೆ ತುಂಬುತ್ತಿದೆಯಂತೆ. ಬರುವ ಭಾನುವಾರ ಸಭೆಯ ಮುಂದೆ ಎದ್ದು ನಿಂತು ಇದನ್ನು ಸಾಕ್ಷಿಯಾಗಿ ಹೇಳಬೇಕೆಂದು ಅವನ ಮನಸ್ಸಿನಲ್ಲಿತ್ತು.

ಪಾದ್ರಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನೂ ಅವನ ಹೆಂಡತಿಯೂ ಇದ್ದರು. ಮಕ್ಕಳಿರಲಿಲ್ಲ. ನೇಕಾರನದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ. ಹೆಂಡತಿ ಪಕ್ಕದಲ್ಲಿ ರಾಟೆ ತಿರುಗಿಸಿ, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ಕಂಡಿಕೆ ಬರುವುದು ನಿಂತರೆ ಮಗ್ಗವೂ ನಿಲ್ಲುತ್ತಿತ್ತು.

ನೇಕಾರ ಒಳ್ಳೆಯವನು. ಕುಡಿಯುತ್ತಿರಲಿಲ್ಲ, ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಸೋಲು ಇದ್ದದ್ದು ಊಟದಲ್ಲಿ ಮಾತ್ರ. ತಟ್ಟೆಯಲ್ಲಿ ಇರುವವರೆಗೂ ತಿನ್ನುತ್ತಿದ್ದ, ಮುಗಿದ ಮೇಲೂ ಏಳುತ್ತಿರಲಿಲ್ಲ. ಸಂಜೆಯ ಊಟಕ್ಕೆ ಅವನಿಗೆ ಆರು ಜೋಳದ ರೊಟ್ಟಿ ಬೇಕಿತ್ತು. ಹೆಂಡತಿಗೆ ಎರಡು ಸಾಕಾಗುತ್ತಿತ್ತು. ಬರಬರುತ್ತಾ ಅವನ ಹೊಟ್ಟೆ ನೇಯ್ದ ಬಟ್ಟೆಗೆ ತಾಗತೊಡಗಿತು. ಬೆವರಿನ ಕಲೆ ಹತ್ತಿ ಒಂದು ಸೀರೆ ವಾಪಸು ಬಂತು. ಕುಣಿ ತೋಡುವಾಗ ಹೊಟ್ಟೆಯನ್ನೂ ಸೇರಿಸಿ ಅಳತೆ ಹಿಡಿಯಬೇಕಿತ್ತು ಎಂದು ಜೊತೆಯ ನೇಕಾರರು ನಗೆಯಾಡಿದರು. ಅವನೂ ನಕ್ಕ. ಮನೆಗೆ ಬಂದು ಅತ್ತ.

ಆ ವರ್ಷ ಲೆಂಟ್ ಬಂತು. ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಕರ್ತನ ಶ್ರಮೆಯನ್ನು ನೆನೆಯುವ ಆ ದಿನಗಳಲ್ಲಿ ಎಲ್ಲರೂ ಹಗಲು ಉಪವಾಸವಿದ್ದು ಸಂಜೆ ಒಂದೇ ಊಟ ಮಾಡುತ್ತಿದ್ದರು. ರೊಟ್ಟಿ ಬಡಿಯಲು ಕೂರುವ ಮೊದಲು ಒಂದು ಹಿಡಿ ಹಿಟ್ಟನ್ನು ತೆಗೆದು ಬೇರೆ ಗಡಿಗೆಯಲ್ಲಿ ಇಡುತ್ತಿದ್ದರು. ಭಾನುವಾರ ಆ ಹಿಟ್ಟು ದೇವಾಲಯಕ್ಕೆ ಹೋಗಿ ಅಲ್ಲಿಂದ ಬಡವರ ಮನೆ ಸೇರುತ್ತಿತ್ತು.

ನೇಕಾರನಿಗೆ ಒಂದು ಹಿಡಿ ಕಡಿಮೆಯೆನಿಸಿತು. ಇನ್ನು ಮೇಲೆ ಆರರ ಬದಲು ಮೂರೇ ರೊಟ್ಟಿ ತಿನ್ನುತ್ತೇನೆ, ಉಳಿದ ಮೂರರ ಹಿಟ್ಟು ದೇವರ ಗಡಿಗೆಗೆ ಹೋಗಲಿ ಎಂದು ಹರಕೆ ಹೊತ್ತ. ಪ್ರತಿದಿನ ತಾನೇ ಅಳೆದು ಆ ಹಿಟ್ಟನ್ನು ತೆಗೆದಿಡುತ್ತಿದ್ದ. ಉಳಿಯುತ್ತಿದ್ದದ್ದು ಐದು ರೊಟ್ಟಿಯ ಹಿಟ್ಟು, ಅವನಿಗೆ ಮೂರು, ಅವಳಿಗೆ ಎರಡು.

ಮೊದಲ ದಿನಗಳು ಅವನನ್ನು ಹಿಂಡಿದವು. ಮೂರನೆಯ ರೊಟ್ಟಿ ಮುಗಿದ ಮೇಲೆ ಅವನು ಬರಿದಾದ ತಟ್ಟೆಯ ಮುಂದೆ ಮಂಡಿಯೂರಿ, ಕರ್ತನೇ, ನನ್ನಿಂದಾಗದು, ನೀನೇ ತುಂಬಿಸು ಎಂದು ಬೇಡುತ್ತಿದ್ದ. ಆ ಪ್ರಾರ್ಥನೆಯಲ್ಲಿ ಕಪಟವಿರಲಿಲ್ಲ. ಒಲೆಯ ಮುಂದೆ ಕೂತ ಹೆಂಡತಿಗೆ ಅದು ಕೇಳಿಸುತ್ತಿತ್ತು.

ಒಂದು ಸಂಜೆ ಅವಳು ಅವನ ರೊಟ್ಟಿಗಳನ್ನು ಸ್ವಲ್ಪ ದಪ್ಪ ಬಡಿದಳು. ಮರುದಿನ ಇನ್ನೂ ಸ್ವಲ್ಪ. ಅವನಿಗೆ ಅಭ್ಯಾಸವಾಗುವವರೆಗೆ ಹೀಗಿರಲಿ, ಆಮೇಲೆ ತೆಳ್ಳಗೆ ಮಾಡಿದರಾಯಿತು ಎಂದುಕೊಂಡಳು. ಅವನು ಉಂಡು ಎದ್ದು ಹೋದ ಮೇಲೆ, ಹಿಟ್ಟು ಕಲಸುವ ಪರಾತದಲ್ಲಿ ಉಳಿದದ್ದರಿಂದ ಅಂಗೈಯಗಲದ ಒಂದು ಬಿಲ್ಲೆ ಸುಟ್ಟು ನೀರುಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಿದ್ದಳು.

ನೇಕಾರನಿಗೆ ಹೊಟ್ಟೆ ತುಂಬತೊಡಗಿತು. ಅವನು ರೊಟ್ಟಿಗಳನ್ನು ಎಣಿಸಿದ. ಮೂರೇ ಇದ್ದವು. ಕಣ್ಣಲ್ಲಿ ನೀರು ಬಂತು. ಆ ಭಾನುವಾರ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ. ಐದು ರೊಟ್ಟಿಯಿಂದ ಐದು ಸಾವಿರ ಜನರನ್ನು ತೃಪ್ತಿಪಡಿಸಿದ ಕರ್ತನು ಮೂರು ರೊಟ್ಟಿಯಿಂದ ನನ್ನಂಥ ಹೊಟ್ಟೆಬಾಕನನ್ನೂ ತೃಪ್ತಿಪಡಿಸಿದ್ದಾನೆ ಎಂದ. ಜನ ಸ್ತೋತ್ರ ಹೇಳಿದರು. ಹಿಂದೆ ನಗೆಯಾಡಿದವರು ಬಂದು ಅವನ ಕೈ ಹಿಡಿದರು. ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡಳು.

ವಾರಗಳು ಕಳೆದವು. ಕಂಡಿಕೆಗಳು ತಡವಾಗಿ ಬರತೊಡಗಿದವು. ರಾಟೆ ತಿರುಗುತ್ತಾ ತಿರುಗುತ್ತಾ ನಿಂತುಬಿಡುತ್ತಿತ್ತು. ಒಂದು ದಿನ ನೇಕಾರ ಲಾಳಿ ಕೆಳಗಿಟ್ಟು ಹೇಳಿದ, “ಮೂರು ರೊಟ್ಟಿ ತಿಂದು ನಾನು ಮಗ್ಗ ನಡೆಸುತ್ತಿದ್ದೇನೆ. ನೀನು ಕೂತಲ್ಲಿ ರಾಟೆ ತಿರುಗಿಸಲಾರೆಯಾ?”

“ನಿಮ್ಮ ತಟ್ಟೆಗೆ ದೇವರೇ ಬಡಿಸುತ್ತಾನೆ. ನನ್ನ ಸಾಲಿಗೆ ಇನ್ನೂ ಬಂದಿಲ್ಲ” ಎಂದು ಅವಳು ನಕ್ಕಳು.

ಅವಳ ವಿಶ್ವಾಸ ಕುಂದಿದೆ ಎಂದು ನೇಕಾರ ತಿಳಿದ. ಹೆಚ್ಚು ಪ್ರಾರ್ಥನೆ ಮಾಡಲು ಹೇಳಿದ. ಅವಳ ಪರವಾಗಿ ತಾನೂ ಮಾಡಿದ.

ಶುಭ ಶುಕ್ರವಾರಕ್ಕೆ ಇನ್ನೊಂದು ದಿನವಿರುವಾಗ ಅವಳು ರಾಟೆಯ ಮೇಲೆಯೇ ಕುಸಿದಳು. ನೆರೆಯವಳು ಬಂದು ಎತ್ತಿ ಮಲಗಿಸಿದಳು. ಮೈ ಸುಡುತ್ತಿತ್ತು. ಆ ಸಂಜೆ ಒಲೆಯ ಮುಂದೆ ನೇಕಾರನೇ ಕೂತ. ದೇವರ ಪಾಲನ್ನು ಅಳೆದು ಗಡಿಗೆಗೆ ಹಾಕಿದ. ಉಳಿದ ಹಿಟ್ಟಿಗೆ ಬಿಸಿನೀರು ಹಾಕಿ ಕಲಸಿದ. ಇಷ್ಟು ದಿನ ತಿಂದ ದಪ್ಪಕ್ಕೇ ಮೂರು ರೊಟ್ಟಿ ಬಡಿದ. ಅವಳ ಎರಡಕ್ಕೆಂದು ಪರಾತಕ್ಕೆ ಕೈಹಾಕಿದರೆ, ಉಳಿದದ್ದು ಒಂದು ನಿಂಬೆಹಣ್ಣಿನಷ್ಟು.

ದೇವರ ಗಡಿಗೆಗೆ ಹೆಚ್ಚು ಹಾಕಿರಬೇಕು ಎಂದುಕೊಂಡ. ಆ ದಿನದ ಹಿಟ್ಟನ್ನು ಹೊರತೆಗೆದು ಮತ್ತೆ ಅಳೆದ. ಸರಿಯಾಗಿಯೇ ಇತ್ತು. ಅವನು ಬಹಳ ಹೊತ್ತು ಆ ಮೂರು ರೊಟ್ಟಿಗಳನ್ನು ನೋಡುತ್ತಾ ಕೂತ. ಆಮೇಲೆ ಎದ್ದು ಅವಳ ಬಳಿ ಹೋದ.

“ನಿನ್ನ ರೊಟ್ಟಿಗೆ ಹಿಟ್ಟು ಎಲ್ಲಿಂದ ತರುತ್ತಿದ್ದೆ?”

“ಎರಡು ದಿನಕ್ಕೆ ಅಂತ ಮಾಡಿದೆ. ಅಷ್ಟರಲ್ಲಿ ನೀವು ಎದ್ದು ಸಾಕ್ಷಿ ಹೇಳಿಬಿಟ್ಟಿರಿ. ಎಲ್ಲರ ಮುಂದೆ ಆಡಿದ ಮಾತು. ಆಮೇಲೆ ತೆಳ್ಳಗೆ ಬಡಿಯೋಕೆ ಕೈ ಬರಲಿಲ್ಲ.”

ನೇಕಾರ ಒಂದು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಅವಳ ಬಾಯಿಗೆ ಹಿಡಿದ. ಅವಳು ಎರಡು ತುತ್ತು ತಿಂದು ಸಾಕೆಂದಳು. ಅವನು ಇನ್ನೊಂದು ತುತ್ತಿಗೆ ಬೇಡಿಕೊಂಡ. ಸೇರುತ್ತಿಲ್ಲ ಎಂದಳು. ಉಳಿದ ರೊಟ್ಟಿ ಅವನ ಕೈಯಲ್ಲೇ ಉಳಿಯಿತು. ಆ ದಿನ ಅವನಿಗೂ ಉಣ್ಣಲಾಗಲಿಲ್ಲ.

ಜ್ವರ ಇಳಿಯಲಿಲ್ಲ. ಬತ್ತಿದ ಮೈಗೆ ಔಷಧಿ ಹಿಡಿಯಲಿಲ್ಲ. ಈಸ್ಟರ್ ಬೆಳಗಿನ ಗಂಟೆಯನ್ನು ಅವಳು ಮಲಗಿದಲ್ಲಿಂದಲೇ ಕೇಳಿದಳು. ಹಬ್ಬ ಕಳೆದ ವಾರದಲ್ಲಿ ತೀರಿಕೊಂಡಳು.

ಮುಂದಿನ ಭಾನುವಾರ ನೇಕಾರ ಸಭೆಯಲ್ಲಿ ಮತ್ತೆ ಎದ್ದು ನಿಂತ. ಹೆಂಡತಿಯ ಸಾವಿನಲ್ಲೂ ಸ್ತೋತ್ರ ಹೇಳುತ್ತಾನೆಂದು ಜನ ಕಾದರು. ಅವನು ತನ್ನ ಸಾಕ್ಷಿಯನ್ನು ಹಿಂದಕ್ಕೆ ತೆಗೆದುಕೊಂಡ. ನಡೆದದ್ದನ್ನು ಇದ್ದ ಹಾಗೆ ಹೇಳಿದ. ರೊಟ್ಟಿಗಳನ್ನು ಎಣಿಸಿದ್ದೆ, ದಪ್ಪ ನೋಡಿರಲಿಲ್ಲ ಎಂದ. ಕೂತುಕೊಂಡ. ಆ ದಿನ ಯಾರೂ ಸ್ತೋತ್ರ ಹೇಳಲಿಲ್ಲ.

ಪಾದ್ರಿ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಜಯವಂತ ತಲೆ ತಗ್ಗಿಸಿಕೊಂಡಿದ್ದ. ಹಾಗೆಯೇ ಕೇಳಿದ.

“ಆ ನೇಕಾರನಿಗೆ ಕಡೆಗಾದರೂ ಸಂಯಮ ಬಂತೇ, ಅಯ್ಯನವರೇ?”

“ಬಂತು. ತಟ್ಟೆಗೆ ಕೈಹಾಕುವ ಮೊದಲು ‘ನಿನಗಿದೆಯೇ’ ಎಂದು ಕೇಳುವುದನ್ನು ಕಲಿತ. ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.”