ಬೆಂಚ್‌ಮಾರ್ಕಮ್ಮನ ಗುಂಡು

ಮಾಳಿಗೆಹಟ್ಟಿ ಕೆರೆಯ ಕೋಡಿಯ ಪಕ್ಕದಲ್ಲಿ ಆನೆ ಮಲಗಿದಂಥ ಒಂದು ಕರಿಗುಂಡಿದೆ. ಅದರ ಮೈಮೇಲೆ ಗೇಣುದ್ದದ ಅಡ್ಡಗೆರೆ, ಗೆರೆಯ ಕೆಳಗೆ ಕಾಗೆಯ ಕಾಲಿನಂತೆ ಮೂರು ಗೀರು. ಊರವರು ಅದನ್ನು ಬೆಂಚ್‌ಮಾರ್ಕಮ್ಮ ಎನ್ನುತ್ತಾರೆ. ಇಂಗ್ಲಿಷ್ ಹೆಸರಿನ ದೇವತೆಯೇ ಎಂದು ನಗುವವರನ್ನು ಹಿರಿಯರು ಕೂರಿಸಿಕೊಂಡು ಈರಕ್ಕನ ಕತೆ ಹೇಳುತ್ತಾರೆ.

ಹಿಂದೆ ಒಮ್ಮೆ, ಬಿಳಿಯರ ಆಳ್ವಿಕೆಯಲ್ಲಿ, ಸರ್ವೆಯವರು ಬಂದು ಈ ಗುರುತು ಕೊರೆದರಂತೆ. ಕೆರೆಯಂಚಿನಲ್ಲಿ ತಾನೇ ಮಣ್ಣು ಹೊತ್ತು ಮನೆ ಕಟ್ಟಿಕೊಂಡಿದ್ದ ಈರಕ್ಕ ಅವರಿಗೆ ಮಜ್ಜಿಗೆ ಕೊಟ್ಟು, ಕಲ್ಲಿಗೇಕೆ ಗಾಯ ಎಂದು ಕೇಳಿದಳು. ಈ ಸೀಳಿಗೆ ಕಬ್ಬಿಣದ ಪಟ್ಟಿ ಸಿಕ್ಕಿಸಿದರೆ ಅದೇ ಅಳತೆಕೋಲು ಕೂರುವ ಬೆಂಚು, ಮಾರ್ಕು ಎಂದರೆ ಗುರುತು, ಮುಂದೆ ಯಾರೇ ಬಂದರೂ ಎತ್ತರ ತಗ್ಗನ್ನು ಇಲ್ಲಿಂದಲೇ ಅಳೆಯಬೇಕು ಎಂದು ಅವರು ತಿಳಿಸಿದರು. ಅವರು ಹೋದದ್ದೇ ತಡ, ಕಲ್ಲು ಒಡೆಯುವವರು ಗುಂಡಿನ ಮೇಲೆ ಕಣ್ಣಿಟ್ಟರು. ಈರಕ್ಕ ವಾದಕ್ಕೆ ಹೋಗಲಿಲ್ಲ. ಗುರುತಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು. ಕುಂಕುಮ ಕಂಡ ಕಲ್ಲಿಗೆ ಉಳಿ ಇಡುವ ಕೈ ಆ ಸೀಮೆಯಲ್ಲಿರಲಿಲ್ಲ. ನೋಡನೋಡುತ್ತ ಊರೆಲ್ಲ ಹಚ್ಚತೊಡಗಿತು. ಎಣ್ಣೆ ಕುಂಕುಮ ಬೆರೆತು ಗಟ್ಟಿಯಾಗಿ ಗುರುತೇ ಮುಚ್ಚಿಹೋಯಿತು.

ಒಂದು ಮಳೆಗಾಲ ಕೋಡಿ ಕೊಚ್ಚಿಹೋಯಿತು. ಮತ್ತೆ ಕಟ್ಟುವಾಗ ಕೆರೆಯ ಕೆಳಗಿನ ಗದ್ದೆಯವರು, ಹೆಚ್ಚು ನೀರು ನಿಲ್ಲಲೆಂದು, ಹಳೇ ಕೋಡಿ ಇನ್ನೂ ಒಂದು ಮೊಳ ಎತ್ತರದಲ್ಲಿತ್ತೆಂದು ಹಟ ಹಿಡಿದರು. ಅಷ್ಟು ಏರಿಸಿದರೆ ಈರಕ್ಕನ ಮನೆ ನೀರುಪಾಲು. ಹೊಸದಾಗಿ ಬಂದ ಸರ್ವೆಯವನು, ಹಳೇ ಕೋಡಿ ಬೆಂಚ್‌ಮಾರ್ಕಿಗಿಂತ ಎಷ್ಟು ತಗ್ಗಿನಲ್ಲಿತ್ತೆಂದು ದಫ್ತರದಲ್ಲಿ ಬರೆದಿದೆ, ಆ ಗುರುತು ಸಿಕ್ಕರೆ ನಿಜವಾದ ಎತ್ತರ ಹೇಳಬಲ್ಲೆ, ಸಿಗದಿದ್ದರೆ ಹೆಚ್ಚು ಜನ ಹೇಳಿದ್ದೇ ಎತ್ತರ ಎಂದ. ಕುಂಕುಮ ಕೆರೆಯಲು ಹೋದವರನ್ನು ಪೂಜಾರಿ ಬೋರಯ್ಯ ತಡೆದ. ತಾಯಿಯ ಮೈಗೆ ಕಬ್ಬಿಣ ಸೋಕಿದರೆ ಊರು ಉಳಿಯದು ಎಂದ. ತಾನಿಟ್ಟ ಕುಂಕುಮವೇ ತನ್ನ ಮನೆಗೆ ಮುಳುವಾಯಿತಲ್ಲ ಎಂದುಕೊಂಡಳು ಈರಕ್ಕ. ಆಮೇಲೆ ಮನೆಗೆ ಹೋಗಿ ಹರಳೆಣ್ಣೆ, ಸೀಗೆಪುಡಿ, ಬಿಂದಿಗೆ ತುಂಬ ಬಿಸಿನೀರು ತಂದಳು.

“ಇದೇನಕ್ಕ?” ಎಂದ ಬೋರಯ್ಯ.

“ನಿಮ್ಮವ್ವ ಎಣ್ಣೆನೀರು ಕಂಡು ಎಷ್ಟು ಕಾಲ ಆಯ್ತಣ್ಣ? ಹೆಣ್ಣುದೇವ್ರನ್ನ ಹಿಂಗೆ ಜಿಡ್ಡುಗಟ್ಟಿಸಿ ಕೂರ್ಸಿದೀಯಲ್ಲ. ನಂದು ಕೈ, ಕಬ್ಬಿಣ ಅಲ್ಲ. ನೀರು ಹುಯ್ಯಿ.”

ದೇವಿಗೆ ಸ್ನಾನ ಬೇಡವೆನ್ನುವ ಪೂಜಾರಿ ಉಂಟೇ? ನೀರು ಹುಯ್ದವನು ಅವನೇ ಎನ್ನುತ್ತಾರೆ. ಈರಕ್ಕ ಉಜ್ಜಿದಳು. ಕೆಂಪು ನೀರು ಹರಿದು ಹರಿದು ತಿಳಿಯಾಯಿತು, ಗೆರೆ ಬೆಳಕು ಕಂಡಿತು. ಅಲ್ಲಿಂದ ಅಳೆದಾಗ ಹಳೇ ಕೋಡಿ ಈರಕ್ಕನ ಹೊಸ್ತಿಲಿಗಿಂತ ಕೆಳಗೇ ಇತ್ತು. ಹೊಸ ಕೋಡಿಯನ್ನೂ ಅಷ್ಟಕ್ಕೇ ಕಟ್ಟಿದರು.

ಇಂದಿಗೂ ಮಳೆಗಾಲಕ್ಕೆ ಮುಂಚೆ ಹೆಂಗಸರು ಬೆಂಚ್‌ಮಾರ್ಕಮ್ಮನಿಗೆ ಎಣ್ಣೆನೀರು ಹಾಕುತ್ತಾರೆ. ಕುಂಕುಮವನ್ನು ಗೆರೆಯ ಸುತ್ತ ಇಡುತ್ತಾರೆಯೇ ಹೊರತು ಗೆರೆಯೊಳಗೆ ಇಡುವುದಿಲ್ಲ. ಆಡಿದ ಮಾತಿಗೆ ತಪ್ಪದವಳನ್ನು ‘ಅವಳು ಬೆಂಚ್‌ಮಾರ್ಕು ಕಣೇ’ ಎನ್ನುವುದೂ ಅಲ್ಲಿ ರೂಢಿ. ಕೆರೆ ತುಂಬಿ ಕೋಡಿ ಬಿದ್ದ ದಿನ ಹೋದವರು ಕಣ್ಣಾರೆ ನೋಡಬಹುದು: ನೀರು ಈರಕ್ಕನ ಮನೆಯ ಕಲ್ಲುಮೆಟ್ಟಿಲವರೆಗೂ ಬರುತ್ತದೆ, ಮೆಟ್ಟಿಲು ತೊಳೆಯುತ್ತದೆ, ಹೊಸ್ತಿಲು ಮುಟ್ಟದೆ ಅಲ್ಲೇ ನಿಲ್ಲುತ್ತದೆ.