ಬಾರದ ಫೋನು

ಕಪಿಲಾ ನದಿಯ ದಡದಲ್ಲೊಂದು ಆಶ್ರಮ. ಅಲ್ಲಿನ ಗುರುಗಳನ್ನು ಎಲ್ಲರೂ ಬುದ್ಧಿಯವರು ಅನ್ನುತ್ತಿದ್ದರು. ಶಿಷ್ಯರು ಬರುತ್ತಿದ್ದರು, ಹೋಗುತ್ತಿದ್ದರು. ಶಿವಬಸಪ್ಪ ಮಾತ್ರ ದಿನಾ ಬಂದು ಕತ್ತಲಾಗುವವರೆಗೂ ಕೂರುತ್ತಿದ್ದ. ಪಾಪ, ಹೋಗಲು ಅವನಿಗೆ ಬೇರೆ ಜಾಗ ಇರಲಿಲ್ಲ.

ನೂಲಿನ ಮಿಲ್ಲಿನವರು ಅವನನ್ನು ಕೆಲಸದಿಂದ ತೆಗೆದಿದ್ದರು. ಯಾರ ಜೊತೆಗೂ ಹೊಂದಿಕೊಳ್ಳಲ್ಲ ಅನ್ನೋದು ಅವರ ದೂರು. ಇವನು ಕೋರ್ಟಿಗೆ ಹೋದ. ವಿಚಾರಣೆ ಇನ್ನೂ ಶುರುವೇ ಆಗಿರಲಿಲ್ಲ. ಯಾರು ಯಾವ ಕಾಗದ ತೋರಿಸಬೇಕು ಅನ್ನೋದರಲ್ಲೇ ಎರಡೂ ಕಡೆಯ ವಕೀಲರು ಜಗ್ಗಾಡುತ್ತಿದ್ದರು. ಅವರಿಗೇನು, ಜಗ್ಗಾಡ್ತಾರೆ.

ಒಂದು ಮಧ್ಯಾಹ್ನ ಶಿವಬಸಪ್ಪ ಕೆಂಡವಾಗಿ ಬಂದ.

"ನನ್ನ ಫೋನಿನ ವಿವರ ಮಿಲ್ಲಿನವರಿಗೆ ಕೊಡಬೇಕಂತೆ, ಬುದ್ಧಿ! ಯಾರ್ಯಾರು ಫೋನ್ ಮಾಡಿದ್ರು, ಎಲ್ಲ. ನಾಳೆ ಕೊಡದಿದ್ರೆ ಕೇಸೇ ವಜಾ ಅಂದ್ರು ಜಡ್ಜು."

"ಅದು ಅವರಿಗ್ಯಾಕೋ?"

"ದಾವೆಯಲ್ಲಿ ಬರೆಸಿದ್ದೀನಿ. ಮಿಲ್ಲಿನ ಗೆಳೆಯರೆಲ್ಲ ನನ್ನ ಪರ, ಇವತ್ತಿಗೂ ದಿನಾ ಫೋನ್ ಮಾಡಿ ವಿಚಾರಿಸ್ಕೋತಾರೆ ಅಂತ."

"ಹಾಗಿದ್ರೆ ಕೊಟ್ಟುಬಿಡು."

"ಕೊಡಲ್ಲ! ಅದು ನನ್ನ ಸ್ವಂತ ವಿಷಯ."

ಬುದ್ಧಿಯವರು ಕೈ ಚಾಚಿದರು. ಅವನು ಅನುಮಾನಿಸುತ್ತಲೇ ಫೋನು ತೆಗೆದು ಆ ಕೈಯಲ್ಲಿಟ್ಟ.

ಅವರು ಅದನ್ನು ತೆರೆದು ನೋಡಲಿಲ್ಲ. ಇಬ್ಬರ ನಡುವೆ ಚಾಪೆಯ ಮೇಲಿಟ್ಟು ಕೂತರು.

ಬಿಸಿಲು ಇಳಿಯಿತು. ದನಗಳು ನೀರು ಕುಡಿದು ಹೋದವು. ಫೋನು ಒಂದು ಸಲವೂ ಹೊಡೆದುಕೊಳ್ಳಲಿಲ್ಲ.

"ಯಾರೂ ಮಾಡಲ್ಲ, ಬುದ್ಧಿ," ಅಂದ ಶಿವಬಸಪ್ಪ. "ಕೆಲಸದಿಂದ ತೆಗೆದ ದಿನದಿಂದ ಒಬ್ಬನೂ ಮಾಡಿಲ್ಲ. ಸುಳ್ಳು ಬರೆಸಿದೆ. ಬರೆಸೋವಾಗ ಎಷ್ಟು ಚೆನ್ನಾಗಿತ್ತು ಗೊತ್ತಾ?"

"ನಿನ್ನನ್ನ ಒಂದು ಮಾತೂ ಕೇಳದೆ ತೆಗೆದ್ರಲ್ಲ, ಅದು ನಿಜವಾ?"

"ಅದು ನಿಜ."

"ಅದನ್ನ ಇಟ್ಕೋ. ಈ ಸಾಲು ತೆಗೆಸು. ಯಾಕೆ ತೆಗೆಸ್ತಿದ್ದೀಯ ಅಂತ ನಾಳೆ ಜಡ್ಜ್ ಮುಂದೆ ನೀನೇ ಹೇಳು."

"ತುಂಬಿದ ಕೋರ್ಟಿನಲ್ಲಿ ನನಗ್ಯಾರೂ ಇಲ್ಲ ಅಂತ ಹೇಳಲಾ? ಮಿಲ್ಲಿನವರು ನಗಲ್ವಾ?"

"ನಗಬಹುದು."

"ಕೇಸು ಹೋದ್ರೆ?"

"ಹೋಗಲೂಬಹುದು."

ಅವನು ಫೋನು ಎತ್ತಿಕೊಂಡು, ತಲೆ ತಗ್ಗಿಸಿ ಬಾಗಿಲವರೆಗೆ ಹೋದ.

ಬುದ್ಧಿಯವರು ಒಲೆಯ ಹತ್ತಿರ ಹೋಗಿ ಒಂದು ಚೂರು ಇದ್ದಿಲು ತಂದರು. ಆಶ್ರಮದ ಹಳೇ ಫೋನು ಇದ್ದ ಗೋಡೆಯ ಮುಂದೆ ನಿಂತರು.

"ನಾಳೆ ಕೋರ್ಟಿನಲ್ಲಿ ಏನಾಯ್ತು ಅಂತ ನಾನು ಕೇಳಬೇಕಲ್ಲ. ನಿನ್ನ ನಂಬರ್ ಹೇಳಪ್ಪ, ಬರ್ಕೋತೀನಿ."